ಹಿತ್ತಿಲ ಕೋಳಿ: ತಳಿ ಮತ್ತು ಮರಿಗಳ ಆಯ್ಕೆ

ಹಿತ್ತಿಲ ಕೋಳಿ ಎಂದರೆ ಹಗಲು ಅಂಗಳ, ಹಿತ್ತಿಲು, ತೋಟಗಳಲ್ಲಿ ಬಿಟ್ಟು ಮೇಯಿಸಿ ಇರುಳು ಗೂಡಿಗೆ ಸೇರಿಸುವ, ಮೊಟ್ಟೆ ಮತ್ತು ಮಾಂಸಕ್ಕಾಗಿ ಸಣ್ಣ ಸಂಖ್ಯೆಯಲ್ಲಿ ಸಾಕುವ ಕೋಳಿ. ಐದಾರು ಕೋಳಿಗಳಿಂದ ಐವತ್ತರವರೆಗಿನ ಹಿಂಡು ಸಾಮಾನ್ಯ. ಕಾಳುಕಡ್ಡಿ, ಹುಳುಹುಪ್ಪಟೆ, ಸೊಪ್ಪು, ಅಡುಗೆಮನೆಯಲ್ಲಿ ಉಳಿದದ್ದು ಇವುಗಳ ಮುಖ್ಯ ಆಹಾರ. ಕೊಂಡು ತಂದ ಮೇವನ್ನು ಸಂಜೆ ಒಂದು ಹಿಡಿ ಹಾಕುವುದು ವಾಡಿಕೆ.

ಈ ಲೇಖನದಲ್ಲಿ ಮೂರು ಹೆಸರುಗಳನ್ನು ನಿಶ್ಚಿತ ಅರ್ಥದಲ್ಲಿ ಬಳಸಲಾಗಿದೆ. ತಲೆಮಾರುಗಳಿಂದ ಊರಲ್ಲೇ ಮರಿಮಾಡಿಕೊಂಡು ಬಂದಿರುವುದು ನಾಟಿ ಕೋಳಿ. ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳು ಬೇರೆ ಬೇರೆ ವಂಶಗಳನ್ನು ಕೂಡಿಸಿ ಹಳ್ಳಿಯ ಸಾಕಣೆಗೆಂದೇ ರೂಪಿಸಿದ್ದು ಸುಧಾರಿತ ಹಿತ್ತಿಲ ತಳಿ. ಮುಚ್ಚಿದ ಶೆಡ್ಡಿನಲ್ಲಿ ಪೂರ್ತಿ ಕೊಂಡ ಮೇವಿನ ಮೇಲೆ ಬೆಳೆಯುವುದು ಫಾರಂ ಕೋಳಿ. ಇದರಲ್ಲಿ ಮಾಂಸಕ್ಕಾಗಿ ಬೆಳೆಸುವ ಬ್ರಾಯ್ಲರ್, ಮೊಟ್ಟೆಗಾಗಿ ಸಾಕುವ ಲೇಯರ್ ಎಂಬ ಎರಡು ಬಗೆ ಇವೆ. ಮೊಟ್ಟೆಯಿಡುವ ಹೆಣ್ಣನ್ನು ಹೇಂಟೆ ಎಂದೂ ಗಂಡನ್ನು ಹುಂಜ ಎಂದೂ ಕರೆಯಲಾಗಿದೆ. ಹಳೆಯ ಮೈಸೂರು ಭಾಗದಲ್ಲಿ ಹೇಂಟೆಗೆ ಯಾಟೆ ಎನ್ನುತ್ತಾರೆ.

ಮೂಲ

ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ (ಗ್ಯಾಲಸ್ ಗ್ಯಾಲಸ್). ಚಾರ್ಲ್ಸ್ ಡಾರ್ವಿನ್ 19ನೆಯ ಶತಮಾನದಲ್ಲೇ ಹೀಗೆ ವಾದಿಸಿದ್ದ. 2020ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಕೆಂಪು ಕಾಡುಕೋಳಿಯ ಸ್ಪಾಡಿಸಿಯಸ್ ಎಂಬ ಉಪಪ್ರಭೇದದಿಂದ, ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಸೇರುವ ಸೀಮೆಯಲ್ಲಿ ಸಾಕುಕೋಳಿ ರೂಪುಗೊಂಡಿತೆಂದು ತೋರಿಸಿತು. ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ (ಗ್ಯಾಲಸ್ ಸೊನ್ನೆರಾಟಿ) ಪಾಲೂ ಸಾಕುಕೋಳಿಯಲ್ಲಿದೆ. ಇಂದಿನ ಬಹುಪಾಲು ಕೋಳಿಗಳ ಹಳದಿ ಚರ್ಮಕ್ಕೆ ಕಾರಣವಾದ ಜೀನು ಈ ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಗೊತ್ತಾಯಿತು. ಮಲೆನಾಡಿನ ಕಾಡಂಚಿನಲ್ಲಿ ಈಗಲೂ ಕೂಗುವ ಕಾಡುಕೋಳಿ ಇದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿ ಅದಕ್ಕೆ ರಕ್ಷಣೆಯಿದೆ. ಹಾಗಾಗಿ ಅದನ್ನು ಹಿಡಿಯುವುದಾಗಲಿ ಅದರ ಮೊಟ್ಟೆ ತಂದು ನಾಟಿ ಹೇಂಟೆಯ ಕಾವಿಗಿಡುವುದಾಗಲಿ ಅಪರಾಧ.

ಭಾರತದ ಕಾಳಗದ ಕೋಳಿ ಅಸೀಲ್ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕಾರ್ನಿಷ್ ತಳಿಗೆ ಮೂಲವಾಯಿತು. ಕಾರ್ನಿಷ್ ಮುಂದೆ ಬ್ರಾಯ್ಲರಿನ ಗಂಡುವಂಶವಾಯಿತು. ಎರಡು ಹೆಜ್ಜೆ ನಡೆದರೆ ಉಸಿರುಗಟ್ಟುವ ಬ್ರಾಯ್ಲರಿನಲ್ಲೂ ಕಾಳಗದ ಹುಂಜದ ರಕ್ತವಿದೆ ಎಂಬುದು ತಳಿ ಇತಿಹಾಸದ ಒಂದು ವಿಚಿತ್ರ.

ಹಳ್ಳಿಯ ಸಾಕಣೆಗೆ ಹೊಂದುವ ಕೋಳಿಯನ್ನು ವೈಜ್ಞಾನಿಕವಾಗಿ ರೂಪಿಸುವ ಕೆಲಸದಲ್ಲಿ ಕರ್ನಾಟಕ ಮುಂಚೂಣಿಯಲ್ಲಿತ್ತು. ಬೆಂಗಳೂರಿನ ಹೆಬ್ಬಾಳದ ಕುಕ್ಕುಟ ವಿಜ್ಞಾನ ವಿಭಾಗ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದಾಗ 1989ರಲ್ಲಿ ಗಿರಿರಾಜ ಎಂಬ ತಳಿಯನ್ನು ಬಿಡುಗಡೆ ಮಾಡಿತು. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ, 2005ರಲ್ಲಿ ಸ್ವರ್ಣಧಾರ ಬಂತು.

ತಳಿಯ ರಚನೆ

ತಳಿ ಎಂಬ ಮಾತನ್ನು ಮಾರುಕಟ್ಟೆಯಲ್ಲಿ ಸಡಿಲವಾಗಿ ಬಳಸುತ್ತಾರೆ. ಶಾಸ್ತ್ರದಲ್ಲಿ ಶುದ್ಧ ತಳಿ ಬೇರೆ, ಮಿಶ್ರತಳಿ ಬೇರೆ. ಅಸೀಲ್, ಕಡಕನಾಥ್, ವೈಟ್ ಲೆಗಾರ್ನ್ ಶುದ್ಧ ತಳಿಗಳು. ತಂದೆತಾಯಿಯ ಗುಣಗಳು ಮರಿಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಬರುತ್ತವೆ. ಗಿರಿರಾಜ, ಸ್ವರ್ಣಧಾರ, ವನರಾಜ, ಬ್ರಾಯ್ಲರ್ ಇವೆಲ್ಲ ಮಿಶ್ರತಳಿಗಳು. ಇವುಗಳ ಹಿಂದೆ ಹಲವು ಅಂತಸ್ತುಗಳಿವೆ. ಸಂಶೋಧನಾ ಕೇಂದ್ರದಲ್ಲಿ ಮೂಲವಂಶಗಳು ಇರುತ್ತವೆ. ಅವುಗಳಿಂದ ಹುಟ್ಟಿದ ಪೋಷಕ ಕೋಳಿಗಳು, ಅಂದರೆ ಒಂದು ವಂಶದ ಹುಂಜ, ಇನ್ನೊಂದು ವಂಶದ ಹೇಂಟೆ, ಮರಿ ಮಾಡಿಸುವ ಹ್ಯಾಚರಿಗೆ ಹೋಗುತ್ತವೆ. ಈ ಜೋಡಿಯ ಮರಿ ರೈತನ ಕೈ ಸೇರುತ್ತದೆ. ದೂರದ ಎರಡು ವಂಶಗಳು ಕೂಡಿದಾಗ ಮೊದಲ ಪೀಳಿಗೆಯಲ್ಲಿ ಸಿಗುವ ಹುರುಪು ಈ ಮರಿಯಲ್ಲಿ ತುಂಬಿರುತ್ತದೆ.

ಬಹುಪಾಲು ನಿರಾಸೆಗಳು ಹುಟ್ಟುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗಿರಿರಾಜದ ಹುಂಜ, ಹೇಂಟೆ ಎರಡನ್ನೂ ಮನೆಯಲ್ಲೇ ಇಟ್ಟುಕೊಂಡು ಮರಿಮಾಡಿಸಿದರೆ ಹುಟ್ಟುವುದು ಗಿರಿರಾಜ ಅಲ್ಲ. ಜೀನುಗಳು ಚದುರಿ ಒಂದು ಮರಿ ದೊಡ್ಡದು, ಒಂದು ಕುಳ್ಳು, ಒಂದು ಮೊಟ್ಟೆಯಿಡುವುದರಲ್ಲಿ ಹಿಂದೆ ಹೀಗೆ ಹಿಂಡು ಒಡೆಯುತ್ತದೆ. ಮೂರನೆಯ ಪೀಳಿಗೆಯ ಹೊತ್ತಿಗೆ ತಂದ ತಳಿಯ ಗುಣ ಬಹಳಷ್ಟು ಕಳೆದುಹೋಗಿರುತ್ತದೆ. ಸುಧಾರಿತ ತಳಿ ಸಾಕುವವರು ಪ್ರತಿ ಸರದಿಗೂ ಹೊಸ ಮರಿ ಕೊಳ್ಳಲೇಬೇಕು. ಮರಿಯನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆನ್ನುವವರಿಗೆ ನಾಟಿ ಅಥವಾ ಶುದ್ಧ ದೇಸಿ ತಳಿಯೇ ಸರಿ. ಈ ಒಂದು ವಿಷಯ ಮೊದಲೇ ತೀರ್ಮಾನವಾದರೆ ತಳಿಗಳ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ನಾಟಿ ಮತ್ತು ದೇಸಿ ತಳಿಗಳು

ಕರ್ನಾಟಕದ ನಾಟಿ ಕೋಳಿಗೆ ಒಂದೇ ರೂಪವಿಲ್ಲ. ಕೆಂಪು, ಕಪ್ಪು, ಬೂದು, ಚುಕ್ಕೆ, ಬೋಳು ಕತ್ತು ಹೀಗೆ ಬಣ್ಣವೂ ಆಕಾರವೂ ಊರಿಂದೂರಿಗೆ ಬದಲಾಗುತ್ತವೆ. ವರ್ಷಕ್ಕೆ 50ರಿಂದ 70 ಸಣ್ಣ ಮೊಟ್ಟೆಗಳು, ಆರೇಳು ತಿಂಗಳಿಗೆ ಮೊದಲ ಮೊಟ್ಟೆ. ಲೆಕ್ಕದಲ್ಲಿ ಇದು ಕಡಿಮೆ. ಆದರೆ ನಾಟಿ ಹೇಂಟೆ ಕಾವು ಕೂರುತ್ತದೆ, 21 ದಿನಕ್ಕೆ ಮರಿ ಒಡೆಸುತ್ತದೆ, ಹದ್ದು ಕಂಡೊಡನೆ ಕೊರಳು ಬದಲಿಸಿ ಕೂಗಿ ಮರಿಗಳನ್ನು ರೆಕ್ಕೆಯಡಿ ಎಳೆದುಕೊಳ್ಳುತ್ತದೆ. ಮೊಟ್ಟೆ ಕಡಿಮೆಯಾಗಲು ಇದೂ ಒಂದು ಕಾರಣ: ಕಾವಿನ ಮೂರು ವಾರ, ಮರಿ ಸಾಕುವ ಎಂಟು ಹತ್ತು ವಾರ ಅದು ಮೊಟ್ಟೆಯಿಡುವುದಿಲ್ಲ.

ಬೋಳು ಕತ್ತಿನ ಕೋಳಿಯನ್ನು ರೋಗಿಷ್ಟವೆಂದು ಬಿಡುವವರಿದ್ದಾರೆ. ಗರಿ ಕಡಿಮೆ ಮಾಡುವ ಒಂದು ಜೀನಿನಿಂದ ಬಂದ ಲಕ್ಷಣ ಅದು. ಗರಿ ಕಡಿಮೆಯಾದಷ್ಟೂ ಮೈಶಾಖ ಬೇಗ ಹೊರಹೋಗುತ್ತದೆ. ರಾಯಚೂರು, ಕಲಬುರಗಿಯಂಥ ಬಿಸಿಲು ಜಿಲ್ಲೆಗಳಲ್ಲಿ ಅದು ಅನುಕೂಲವೇ. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ (ಸ್ಥಾಪನೆ 1979) ಇದೇ ಗುಣವನ್ನು ಬಳಸಿ ಹಿತ್‌ಕ್ಯಾರಿ ಎಂಬ ತಳಿ ರೂಪಿಸಿದೆ.

ದೇಶದ ದೇಸಿ ತಳಿಗಳನ್ನು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ನೋಂದಾಯಿಸುತ್ತದೆ. ಕರ್ನಾಟಕಕ್ಕೆ ಹತ್ತಿರದ ನೋಂದಾಯಿತ ತಳಿ ಘಾಗಸ್. ಆಂಧ್ರಪ್ರದೇಶ ಮತ್ತು ಕೋಲಾರದ ಕಡೆಯ ಗಡಿಸೀಮೆ ಇದರ ನೆಲೆ.

ಅಸೀಲ್: ಎತ್ತರದ ನಿಲುವು, ಬಿಗಿಯಾದ ಮೈ, ಉದ್ದ ಕಾಲು, ತಲೆಗೆ ಅಂಟಿದ ಸಣ್ಣ ಜುಟ್ಟು. ಹುಂಜ 4ರಿಂದ 5 ಕಿಲೋ, ಹೇಂಟೆ 3ರಿಂದ 4 ಕಿಲೋ ತೂಗುತ್ತವೆ. ಮೊಟ್ಟೆ ಕಡಿಮೆ, ಕಾವಿಗೆ ಒಳ್ಳೆಯದು. ಹುಂಜಗಳು ಎಳವೆಯಲ್ಲೇ ಕಾದಾಡುವುದರಿಂದ ಒಟ್ಟಿಗೆ ಸಾಕುವುದು ಕಷ್ಟ. ಮೊದಲ ಬಾರಿಗೆ ಸಾಕುವವರಿಗೆ ಇದು ತಕ್ಕ ತಳಿಯಲ್ಲ.

ಕಡಕನಾಥ್: ಮಧ್ಯಪ್ರದೇಶದ ಝಾಬುವಾ, ಧಾರ್ ಜಿಲ್ಲೆಗಳ ತಳಿ. ಝಾಬುವಾದ ಕಡಕನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಮೆಲನಿನ್ ಎಂಬ ವರ್ಣದ್ರವ್ಯ ಚರ್ಮ, ಮಾಂಸ, ಮೂಳೆಯ ಹೊದಿಕೆಯವರೆಗೆ ಹರಡಿರುವುದರಿಂದ ಮಾಂಸ ಕಪ್ಪಾಗಿರುತ್ತದೆ. ಜುಟ್ಟು, ನಾಲಿಗೆ ನೇರಳೆ ಛಾಯೆಯವು. ಮೊಟ್ಟೆ ಮಾತ್ರ ತಿಳಿಕಂದು. ಕಪ್ಪು ಮೊಟ್ಟೆ ಎಂದು ಯಾರಾದರೂ ಮಾರಿದರೆ ಅದು ಬಣ್ಣ ಹಚ್ಚಿದ್ದು. ಅಂದಿನ ಮರಿ (ಒಡೆದ ದಿನದ ಮರಿ) ನೀಲಿ ಮಿಶ್ರಿತ ಕಪ್ಪಾಗಿದ್ದು ಬೆನ್ನಿನ ಮೇಲೆ ಅಡ್ಡಾದಿಡ್ಡಿ ಪಟ್ಟೆಗಳಿರುತ್ತವೆ. ಕಪ್ಪು ಗುಣ ಮಿಶ್ರ ಮರಿಗಳಲ್ಲೂ ಎದ್ದು ಕಾಣುವುದರಿಂದ ಬಣ್ಣವೊಂದನ್ನೇ ನಂಬಿ ಶುದ್ಧವೆನ್ನಲಾಗದು. ಬೇಡಿಕೆ ಹಬ್ಬಿದ ಮೇಲೆ ಮರಿಯ ಬೆಲೆ ಏರಿತು. ‘ಬೆಳೆಸಿಕೊಡಿ, ನಾವೇ ಕೊಳ್ಳುತ್ತೇವೆ’ ಎಂಬ ಮಾತಿನ ಮೇಲೆ ದುಬಾರಿ ಮರಿ ಕೊಳ್ಳುವ ಮುನ್ನ ಹತ್ತಿರದ ಪೇಟೆಯಲ್ಲಿ ಕೊಳ್ಳುವವರಿದ್ದಾರೆಯೇ ಎಂದು ನೋಡಬೇಕು.

ಸುಧಾರಿತ ಹಿತ್ತಿಲ ತಳಿಗಳು

ಗಿರಿರಾಜ ಮೊಟ್ಟೆ, ಮಾಂಸ ಎರಡಕ್ಕೂ ಒದಗುವ ತಳಿ. ಬಣ್ಣಬಣ್ಣದ ಗರಿ, ದೊಡ್ಡ ಮೈ, ನಾಟಿಯಂತೆಯೇ ಕೆದಕಿ ಮೇಯುವ ಸ್ವಭಾವ. ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ. ಗರಿಯ ಬಣ್ಣ ಬರೀ ಚೆಂದಕ್ಕಲ್ಲ. ಬಿಳಿ ಕೋಳಿ ಹಸಿರು ಹಿತ್ತಿಲಿನಲ್ಲಿ ಹದ್ದಿನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ, ಕಂದು ಮಿಶ್ರಿತ ಕೋಳಿ ನೆಲದಲ್ಲಿ ಬೆರೆತುಹೋಗುತ್ತದೆ. ನಾಟಿಯಂತೆ ಕಾಣುವ ಹುಂಜಕ್ಕೆ ಸಂತೆಯಲ್ಲಿ ಬೆಲೆಯೂ ಹೆಚ್ಚು.

ಗಿರಿರಾಜದ ದೊಡ್ಡ ದೇಹವೇ ಒಂದು ತೊಡಕೂ ಆಯಿತು. ನಾಯಿ, ಕಾಡುಬೆಕ್ಕು ಬೆನ್ನಟ್ಟಿದರೆ ಓಡುವುದು ಕಷ್ಟ. ಸ್ವರ್ಣಧಾರ ಅದಕ್ಕಿಂತ ಹಗುರ, ತಪ್ಪಿಸಿಕೊಳ್ಳುವುದರಲ್ಲಿ ಚುರುಕು. 22-23 ವಾರದಲ್ಲಿ ಹೇಂಟೆ ಸುಮಾರು 3 ಕಿಲೋ, ಹುಂಜ ಸುಮಾರು 4 ಕಿಲೋ ತೂಗುತ್ತವೆ. ಮೊಟ್ಟೆ ವರ್ಷಕ್ಕೆ 180ರಿಂದ 190. ಮೊಟ್ಟೆಗೇ ಒತ್ತು ಕೊಡುವ ಮನೆಗಳಿಗೆ ಎರಡರಲ್ಲಿ ಇದೇ ಮೇಲು.

ಎರಡಕ್ಕೂ ಒಂದು ಸಮಾನ ಕೊರತೆಯಿದೆ: ಕಾವು ಕೂರುವ ಗುಣ ಬಹುಮಟ್ಟಿಗೆ ಹೋಗಿದೆ. ಹೆಚ್ಚು ಮೊಟ್ಟೆಗಾಗಿ ಆರಿಸುತ್ತ ಹೋದಂತೆ ಈ ಗುಣ ಕ್ಷೀಣಿಸುತ್ತದೆ. ಅದಕ್ಕೇ ಹಳ್ಳಿಗಳಲ್ಲಿ ಸ್ವರ್ಣಧಾರದ ಜೊತೆ ಒಂದೆರಡು ನಾಟಿ ಹೇಂಟೆಗಳನ್ನು ಕಾವಿಗೆಂದೇ ಇಟ್ಟುಕೊಳ್ಳುತ್ತಾರೆ.

ಹೈದರಾಬಾದಿನ ರಾಜೇಂದ್ರನಗರದ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ರೂಪಿಸಿದ ವನರಾಜ, ಗ್ರಾಮಪ್ರಿಯ, ಶ್ರೀನಿಧಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಪರಿಚಿತ. ವನರಾಜ ಮಾಂಸದ ಕಡೆಗೆ ವಾಲಿದ್ದು, ಬಿಟ್ಟು ಮೇಯಿಸಿದಾಗ ವರ್ಷಕ್ಕೆ 100ರಿಂದ 110 ಮೊಟ್ಟೆ ಕೊಡುತ್ತದೆ. ಗ್ರಾಮಪ್ರಿಯ ಮೊಟ್ಟೆಯ ಕಡೆಗೆ ವಾಲಿದ್ದು, 160ರಿಂದ 180 ಕಂದು ಮೊಟ್ಟೆ ಕೊಡುತ್ತದೆ. ಶ್ರೀನಿಧಿ ಇವೆರಡರ ನಡುವಿನದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಕಾವೇರಿ ಎಂಬ ತಳಿ ಕೊಟ್ಟಿದೆ. ಭುವನೇಶ್ವರದಲ್ಲಿರುವ ಇಂಥದೇ ಕೇಂದ್ರೀಯ ಸಂಸ್ಥೆಯದು ಕಳಿಂಗ ಬ್ರೌನ್. ಕೇರಳದ ಗ್ರಾಮಲಕ್ಷ್ಮಿ, ತಮಿಳುನಾಡಿನ ನಂದನಂ, ಖಾಸಗಿ ವಲಯದ ಕುರಾಯ್ಲರ್ ಇದೇ ವರ್ಗದವು.

ಈ ಮೊಟ್ಟೆಯ ಲೆಕ್ಕಗಳನ್ನು ಓದುವಾಗ ಒಂದು ಎಚ್ಚರ ಬೇಕು. ಸಂಜೆಗೆ ಸ್ವಲ್ಪ ಮೇವು, ಚಿಪ್ಪಿಗೆ ಸುಣ್ಣದಂಶ, ಸರಿಯಾದ ಲಸಿಕೆ ಇದ್ದಾಗ ಬರುವ ಇಳುವರಿ ಅದು. ಬರಿಯ ಕೆದಕಿ ತಿನ್ನುವುದರ ಮೇಲೇ ಬಿಟ್ಟರೆ ಸ್ವರ್ಣಧಾರವೂ ನಾಟಿಯ ಮಟ್ಟದ ಕಡೆಗೆ ಜಾರುತ್ತದೆ. ದೊಡ್ಡ ಮೈಗೆ ದೊಡ್ಡ ಹೊಟ್ಟೆ ಇದ್ದೇ ಇರುತ್ತದೆ.

ಫಾರಂ ತಳಿಗಳು ಹಿತ್ತಿಲಿನಲ್ಲಿ

ವೈಟ್ ಲೆಗಾರ್ನ್ ವಂಶದ ಲೇಯರ್ ಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡಬಲ್ಲದು. ಆದರೆ ಅದಕ್ಕೆ ದಿನವೂ ತೂಕ ಹಾಕಿದ ಮೇವು ಬೇಕು. ಕಂದು ಮೊಟ್ಟೆಯ ಬಿ.ವಿ. 380 ಬಣ್ಣದಲ್ಲಿ ನಾಟಿಯನ್ನು ಹೋಲುವುದರಿಂದ ಅದರ ಮೊಟ್ಟೆ ನಾಟಿ ಮೊಟ್ಟೆಯ ಬೆಲೆಗೆ ಬಿಕರಿಯಾಗುವುದುಂಟು. ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ, ಪೌಷ್ಟಿಕತೆಗೂ ಅದಕ್ಕೂ ಸಂಬಂಧವಿಲ್ಲ. ಬ್ರಾಯ್ಲರ್ ಮರಿಯನ್ನು ಹಿತ್ತಿಲಿನಲ್ಲಿ ಬೆಳೆಸುವುದು ವ್ಯರ್ಥ. ಆರು ವಾರದೊಳಗೆ 2 ಕಿಲೋ ದಾಟುವಂತೆ ಆರಿಸಿದ ಅದರ ಮೈಗೆ ಕಾಲು, ಹೃದಯ ಎರಡೂ ಸಾಲವು. ತಿಂಗಳುಗಟ್ಟಲೆ ಉಳಿಸಿಕೊಂಡರೆ ಕುಂಟು ಬೀಳುತ್ತದೆ ಅಥವಾ ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತದೆ.

ಆರೋಗ್ಯ ಮತ್ತು ತಳಿ

ರೋಗವೇ ಬಾರದ ತಳಿ ಎಂಬುದಿಲ್ಲ. ನಾಟಿ ಕೋಳಿಗೆ ರೋಗನಿರೋಧ ಹೆಚ್ಚೆಂಬ ನಂಬಿಕೆ ಅರ್ಧ ನಿಜ. ಬಿಸಿಲು, ಹಸಿವು, ಪರೋಪಜೀವಿಗಳನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ರಾಣಿಕೇತ್ ಬಂದರೆ ನಾಟಿ, ಗಿರಿರಾಜ ಎನ್ನದೆ ಹಿಂಡಿಗೆ ಹಿಂಡೇ ಹೋಗುತ್ತದೆ. ಕನ್ನಡ ನಾಡಿನ ರೈತರು ಕೊಕ್ಕರೆ ರೋಗ ಎನ್ನುವುದು ಇದನ್ನೇ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಇದರ ಲಕ್ಷಣಗಳು. ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ದಾರಿ.

ಮರಿ ಕೊಳ್ಳುವವರು ತಳಿಯ ಹೆಸರಿಗಿಂತ ಹೆಚ್ಚಾಗಿ ವಿಚಾರಿಸಬೇಕಾದದ್ದು ಪೋಷಕ ಹಿಂಡಿನ ಆರೋಗ್ಯವನ್ನು. ಕೆಲವು ರೋಗಗಳು ಮೊಟ್ಟೆಯ ಮೂಲಕವೇ ತಾಯಿಯಿಂದ ಮರಿಗೆ ದಾಟುತ್ತವೆ. ಸಾಲ್ಮೊನೆಲ್ಲಾ ಪುಲ್ಲೋರಂ ಎಂಬ ಬ್ಯಾಕ್ಟೀರಿಯಾದಿಂದ ಬರುವ ಬಿಳಿ ಭೇದಿ ಇವುಗಳಲ್ಲಿ ಮುಖ್ಯವಾದದ್ದು. ರೋಗಾಣು ಇರುವ ಹೇಂಟೆ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿರುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಅದರ ಮರಿಗಳು ಮಾತ್ರ ಮೊದಲೆರಡು ವಾರದಲ್ಲಿ ಹಿಂಭಾಗಕ್ಕೆ ಸುಣ್ಣದಂಥ ಹಿಕ್ಕೆ ಮೆತ್ತಿಕೊಂಡು ಒಂದೊಂದಾಗಿ ಸಾಯುತ್ತವೆ. ಒಂದೇ ಯಂತ್ರದಲ್ಲಿ ಒಡೆದ ಬೇರೆ ಮೊಟ್ಟೆಗಳ ಮರಿಗಳಿಗೂ ನಯವಾದ ತುಪ್ಪಟದ ಧೂಳಿನ ಮೂಲಕ ರೋಗ ಅಂಟುತ್ತದೆ. ಅಮೆರಿಕದ ರಾಷ್ಟ್ರೀಯ ಕುಕ್ಕುಟ ಸುಧಾರಣಾ ಯೋಜನೆ 1935ರಲ್ಲಿ ಆರಂಭವಾದದ್ದೇ ಈ ರೋಗವನ್ನು ತಡೆಯಲು. ಪೋಷಕ ಕೋಳಿಯ ಒಂದು ಹನಿ ರಕ್ತವನ್ನು ಬಣ್ಣದ ದ್ರಾವಣದೊಂದಿಗೆ ಬಿಳಿ ಫಲಕದ ಮೇಲೆ ಕಲಸಿದರೆ, ಸೋಂಕಿದ್ದಲ್ಲಿ ಎರಡು ನಿಮಿಷದೊಳಗೆ ಅದು ಮೊಸರಿನಂತೆ ಗರಣೆಗಟ್ಟುತ್ತದೆ. ಈ ಪರೀಕ್ಷೆ ಅಗ್ಗ, ಸುಲಭ. ಮಾಡಿಸದ ಹ್ಯಾಚರಿಯ ಮರಿ ಎಷ್ಟು ಕಡಿಮೆ ಬೆಲೆಗೆ ಸಿಕ್ಕರೂ ದುಬಾರಿಯೇ.

ಮರಿ ದೊರೆಯುವ ಮೂಲಗಳು

ಸರ್ಕಾರಿ ಮತ್ತು ವಿಶ್ವವಿದ್ಯಾಲಯದ ಹ್ಯಾಚರಿಗಳು ಮೊದಲ ಆಯ್ಕೆ. ಗಿರಿರಾಜ, ಸ್ವರ್ಣಧಾರಗಳಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕುಕ್ಕುಟ ವಿಜ್ಞಾನ ವಿಭಾಗವೇ ಮೂಲ. ಕಾವೇರಿಗೆ ಹೆಸರಘಟ್ಟ. ಇಲ್ಲಿ ಮರಿ ಹೋದ ದಿನವೇ ಸಿಗುವುದಿಲ್ಲ. ಹೆಸರು ಬರೆಸಿ ಸರದಿ ಕಾಯಬೇಕು, ಮರಿ ಒಡೆಯುವ ದಿನ ಹೋಗಿ ಪಡೆಯಬೇಕು. ಪಶುಪಾಲನಾ ಇಲಾಖೆಯ ಕೋಳಿ ಸಾಕಣೆ ಕೇಂದ್ರಗಳು, ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳು ಕೂಡ ಮರಿ ಒದಗಿಸುತ್ತವೆ, ಅಥವಾ ಎಲ್ಲಿ ಸಿಗುತ್ತದೆಂದು ತಿಳಿಸುತ್ತವೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸುವುದು ಎಲ್ಲಕ್ಕಿಂತ ಹತ್ತಿರದ ದಾರಿ.

ಎರಡನೆಯದು ಮದರ್ ಯೂನಿಟ್. ಅಂದಿನ ಮರಿಗಳನ್ನು ತಂದು ನಾಲ್ಕರಿಂದ ಆರು ವಾರ ಕಾವು, ಲಸಿಕೆ ಕೊಟ್ಟು ಬೆಳೆಸಿ ಮನೆಗಳಿಗೆ ಮಾರುವ ಘಟಕವಿದು. ಒಂದು ಮರಿಗೆ ತೆರುವ ಬೆಲೆ ಅಂದಿನ ಮರಿಯ ಹಲವು ಪಟ್ಟು. ಆದರೆ ಸಾವು ಹೆಚ್ಚಿರುವ ವಾರಗಳು ಕಳೆದಿರುತ್ತವೆ, ಮರಿಗಳನ್ನು ಬೆಚ್ಚಗಿಡುವ ಬ್ರೂಡರ್ ಬೇಕಿಲ್ಲ, ಹುಂಜ ಹೇಂಟೆ ಗುರುತಿಸಿ ಆರಿಸಬಹುದು. ಹತ್ತಿಪ್ಪತ್ತು ಕೋಳಿ ಸಾಕಬೇಕೆಂದಿರುವ ಮನೆಗೆ ಇದೇ ಒಳ್ಳೆಯ ದಾರಿ.

ಖಾಸಗಿ ಹ್ಯಾಚರಿಗಳು ಹೆಚ್ಚು, ಗುಣಮಟ್ಟ ಒಂದೇ ಸಮವಿಲ್ಲ. ಪೋಷಕ ಕೋಳಿಗಳು ಎಲ್ಲಿಂದ ಬಂದವು, ಮಾರೆಕ್ಸ್ ರೋಗದ ಲಸಿಕೆ ಹಾಕಿದೆಯೇ, ಯಾವ ದಿನ ಒಡೆದ ಮರಿ, ದಾರಿಯಲ್ಲಿ ಸತ್ತರೆ ಲೆಕ್ಕವೇನು ಎಂಬ ಪ್ರಶ್ನೆಗಳಿಗೆ ಬಿಲ್ಲಿನ ಸಮೇತ ಉತ್ತರ ಕೊಡುವ ಹ್ಯಾಚರಿಯಲ್ಲಿ ಕೊಳ್ಳಬಹುದು. ‘ಒರಿಜಿನಲ್ ನಾಟಿ ಮರಿ’ ಎಂದು ಸಾವಿರಗಟ್ಟಲೆ ಒಂದೇ ಬಣ್ಣ, ಒಂದೇ ಗಾತ್ರದ ಮರಿ ತೋರಿಸಿದರೆ ಅವು ಮಿಶ್ರತಳಿಯವು. ನಿಜವಾದ ನಾಟಿ ಮರಿಗಳು ಒಂದೇ ಕಾವಿನವಾದರೂ ನಾಲ್ಕು ಬಣ್ಣದಲ್ಲಿರುತ್ತವೆ.

ಸಂತೆಯಲ್ಲಿ ಸಿಗುವ ಮರಿ ಎಲ್ಲಕ್ಕಿಂತ ಅಪಾಯದ್ದು. ಹತ್ತೂರ ಕೋಳಿಗಳು ಒಂದೆಡೆ ಸೇರುವ ಜಾಗದಲ್ಲಿ ರೋಗಗಳೂ ಸೇರುತ್ತವೆ. ತಂದದ್ದೇ ಆದರೆ ಹದಿನೈದು ದಿನ ಹಳೆಯ ಹಿಂಡಿನಿಂದ ಬೇರೆ ಕಡೆ ಇಡಬೇಕು, ಅವುಗಳ ಮೇವು ನೀರನ್ನು ಕೊನೆಯಲ್ಲಿ ನೋಡಿಕೊಳ್ಳಬೇಕು. ಜಾತ್ರೆ, ಬಸ್ ನಿಲ್ದಾಣಗಳಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಬುಟ್ಟಿಯಲ್ಲಿ ಮಾರುವ ಮರಿಗಳು ಬಹುತೇಕ ಲೇಯರ್ ಹ್ಯಾಚರಿಗಳು ಬೇಡವೆಂದು ತೆಗೆದ ಗಂಡುಮರಿಗಳು. ಇವು ಮೊಟ್ಟೆಯನ್ನೂ ಇಡವು, ಮಾಂಸವೂ ತುಂಬದು. ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ.

ಮರಿಯ ಪರೀಕ್ಷೆ

ಒಳ್ಳೆಯ ಅಂದಿನ ಮರಿ 35ರಿಂದ 40 ಗ್ರಾಂ ತೂಗುತ್ತದೆ. ತುಪ್ಪಟ ಒಣಗಿ ಅರಳಿರಬೇಕು, ಕಣ್ಣು ದುಂಡಗೆ ಹೊಳೆಯಬೇಕು, ಕಾಲಿನ ಚರ್ಮ ನುಣುಪಾಗಿ ಎಣ್ಣೆ ಸವರಿದಂತಿರಬೇಕು. ಅಂಗೈಯಲ್ಲಿ ಬೆನ್ನಡಿಯಾಗಿ ಮಲಗಿಸಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಹೊರಳಿ ನಿಲ್ಲಬೇಕು. ಮುಖ್ಯವಾಗಿ ನೋಡಬೇಕಾದದ್ದು ಹೊಕ್ಕುಳು. ಹೊಟ್ಟೆಯ ತುಪ್ಪಟವನ್ನು ಬೆರಳಿನಿಂದ ಸರಿಸಿದರೆ ಹೊಕ್ಕುಳು ಮುಚ್ಚಿ ಗೆರೆಯಂತೆ ಕಾಣಬೇಕು. ಕಪ್ಪು ಗುಂಡಿಯಂತೆ ಉಬ್ಬಿದ್ದರೆ, ತೇವವಾಗಿದ್ದರೆ, ನಾರುತ್ತಿದ್ದರೆ ಮೊಟ್ಟೆಯಿಂದ ಹೊಟ್ಟೆಯೊಳಗೆ ಉಳಿದ ಹಳದಿ ಭಂಡಾರಕ್ಕೆ ಸೋಂಕು ತಗಲಿದೆ ಎಂದರ್ಥ. ಅಂಥ ಮರಿ ವಾರ ದಾಟುವುದು ಅಪರೂಪ. ಮೊಣಗಂಟು ಕೆಂಪಾಗಿದ್ದರೆ ಚಿಪ್ಪಿನಿಂದ ಹೊರಬರಲು ಒದ್ದಾಡಿದೆ ಎಂದು ತಿಳಿಯಬೇಕು. ಇಂಥವು ಪೆಟ್ಟಿಗೆಯಲ್ಲಿ ಒಂದೆರಡಿದ್ದರೆ ಬದಲಿಸಿ ಕೇಳಬಹುದು, ಎಂಟು ಹತ್ತಿದ್ದರೆ ಪೆಟ್ಟಿಗೆಯನ್ನೇ ಬಿಡುವುದು ಮೇಲು.

ಕಿವಿಯೂ ಒಂದು ಸಾಧನ. ಪೆಟ್ಟಿಗೆ ತೆರೆದಾಗ ಮರಿಗಳು ಸಣ್ಣಗೆ ಚಿಲಿಪಿಲಿಗುಟ್ಟುತ್ತಿದ್ದರೆ ಸರಿ. ಗಂಟಲು ಹರಿಯುವಂತೆ ಒಂದೇ ಸಮನೆ ಕಿರುಚುತ್ತಿದ್ದರೆ ಚಳಿ ಅಥವಾ ಬಾಯಾರಿಕೆ. ಪೂರ್ತಿ ಮೌನವಾಗಿದ್ದರೆ ಅದು ಇನ್ನೂ ಕೆಟ್ಟದ್ದು.

ಹಿತ್ತಿಲ ತಳಿಗಳ ಮರಿಗಳನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೇರ್ಪಡಿಸದೆ ಮಾರುತ್ತಾರೆ. ಅರ್ಧಕ್ಕರ್ಧ ಗಂಡು ಬರುವುದು ಸಹಜ. ಹತ್ತು ಹೇಂಟೆ ಬೇಕಾದವರು 25 ಮರಿ ತರುವುದು ಲೆಕ್ಕಕ್ಕೆ ಸರಿಹೋಗುತ್ತದೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮಿಕ್ಕ ಹುಂಜಗಳನ್ನು ಮಾಂಸಕ್ಕೆ ಬೆಳೆಸುತ್ತಾರೆ.

ಸಾಗಣೆ ಮತ್ತು ಮೊದಲ ವಾರ

ಒಡೆಯುವ ಮುನ್ನ ಮರಿ ಹಳದಿ ಭಂಡಾರವನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಮೇವು ನೀರಿಲ್ಲದೆ ಎರಡು ದಿನ ಬದುಕಲು ಅದು ಸಾಕು. ಅಂದಿನ ಮರಿಯನ್ನು ದೂರದೂರಿಗೆ ಕಳಿಸಲು ಆಗುವುದು ಇದರಿಂದಲೇ. ರಟ್ಟಿನ ಪೆಟ್ಟಿಗೆಯಲ್ಲಿ ನಾಲ್ಕು ಖಾನೆ, ಖಾನೆಗೆ 25ರಂತೆ 100 ಮರಿ ಹಿಡಿಸುತ್ತವೆ. ಬೇಸಿಗೆಯಲ್ಲಿ ರಾತ್ರಿ ಅಥವಾ ನಸುಕಿನ ಸಾಗಣೆ ಒಳ್ಳೆಯದು.

ಮರಿ ಬರುವ ಮೊದಲೇ ಬ್ರೂಡರ್ ಬೆಚ್ಚಗಿರಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ನಂತರ ವಾರಕ್ಕೆ ಸುಮಾರು 3 ಡಿಗ್ರಿ ಇಳಿಕೆ. ಮಾಪಕವಿಲ್ಲದಿದ್ದರೆ ಮರಿಗಳೇ ಹೇಳುತ್ತವೆ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ದೂರ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ, ಎಲ್ಲ ಕಡೆ ಹರಡಿದ್ದರೆ ಹದ. ನೆಲಕ್ಕೆ ಭತ್ತದ ಹೊಟ್ಟು ಹಾಸಿ ಮೇಲೆ ಹಳೆಯ ದಿನಪತ್ರಿಕೆ ಹರಡುವುದು ವಾಡಿಕೆ. ನುಣುಪು ಕಾಗದದ ಮೇಲೆ ಕಾಲು ಜಾರಿ ಎರಡೂ ಬದಿಗೆ ಅಗಲವಾಗಿಬಿಟ್ಟರೆ ಮರಿ ಮತ್ತೆ ನೆಟ್ಟಗಾಗುವುದು ಕಷ್ಟ. ಆದ್ದರಿಂದ ಎರಡು ಮೂರು ದಿನದಲ್ಲಿ ಕಾಗದ ತೆಗೆಯಬೇಕು. ಮೊದಲು ನೀರು, ಸ್ವಲ್ಪ ಹೊತ್ತಿನ ಮೇಲೆ ಮೇವು. ದಣಿದು ಬಂದ ಮರಿಗಳಿಗೆ ಮೊದಲ ನೀರಿನಲ್ಲಿ ಬೆಲ್ಲ ಕರಗಿಸುತ್ತಾರೆ. ಮರುದಿನ ಬೆಳಿಗ್ಗೆ ಕೊರಳಿನ ಮೇವುಚೀಲವನ್ನು ಮುಟ್ಟಿ ನೋಡಿದರೆ ಅದು ತುಂಬಿ ಮೆತ್ತಗಿರಬೇಕು. ಚಪ್ಪಟೆಯಾಗಿರುವ ಮರಿ ಇನ್ನೂ ತಿನ್ನಲು ಕಲಿತಿಲ್ಲ.

ಲಸಿಕೆ

ಮಾರೆಕ್ಸ್ ಲಸಿಕೆಯನ್ನು ಹ್ಯಾಚರಿಯಲ್ಲೇ, ಒಡೆದ ದಿನವೇ ಕತ್ತಿನ ಚರ್ಮದಡಿ ಕೊಡಬೇಕು. ಈ ವೈರಸ್ ಗರಿಯ ಧೂಳಿನಲ್ಲಿ ಎಲ್ಲೆಡೆ ಇರುವುದರಿಂದ ಮನೆಗೆ ತಂದ ಮೇಲೆ ಹಾಕಿದರೆ ಹೊತ್ತು ಮೀರಿರುತ್ತದೆ. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಈ ರೋಗವನ್ನು ವಿವರಿಸಿದ. ಕಾಲು, ರೆಕ್ಕೆಗೆ ಬರುವ ಲಕ್ವ ಇದರ ಗುರುತು. ಉಳಿದವು ಮನೆಯಲ್ಲಿ: ಐದರಿಂದ ಏಳನೆಯ ದಿನ ರಾಣಿಕೇತ್‌ಗೆ ಲಸೋಟಾ ಕಣ್ಣಹನಿ, ಎರಡನೆಯ ವಾರ ಗುಂಬೋರೊ ರೋಗದ ಲಸಿಕೆ, ನಾಲ್ಕನೆಯ ವಾರ ಲಸೋಟಾ ಮತ್ತೊಮ್ಮೆ, ಆರೇಳನೆಯ ವಾರ ಸಿಡುಬಿನ ಲಸಿಕೆ, ಎಂಟರಿಂದ ಹತ್ತನೆಯ ವಾರದಲ್ಲಿ ರಾಣಿಕೇತ್‌ನ ಆರ್‌2ಬಿ ಚುಚ್ಚುಮದ್ದು.

ಹಿತ್ತಿಲ ಸಾಕಣೆಯಲ್ಲಿ ಲಸಿಕೆ ತಪ್ಪಲು ಕಾರಣ ಉದಾಸೀನವೊಂದೇ ಅಲ್ಲ. ಸೀಸೆಯೊಂದರಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಗೆ ಒಂದು ಸೀಸೆ ಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಕೇರಿಯ ಮನೆಗಳೆಲ್ಲ ಒಂದೇ ವಾರದಲ್ಲಿ ಮರಿ ತಂದು ಒಂದೇ ದಿನ ಲಸಿಕೆ ಹಾಕಿಸಿದರೆ ಈ ತೊಡಕು ನೀಗುತ್ತದೆ. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ತರುವುದು ಕಡ್ಡಾಯ.

ಉಪಯೋಗ

ಮೊಟ್ಟೆ, ಮಾಂಸ, ಗೊಬ್ಬರ ಮೂರಕ್ಕೂ ಹಿತ್ತಿಲ ಕೋಳಿ ಒದಗುತ್ತದೆ. ಮಂಡ್ಯ, ಮೈಸೂರು ಕಡೆ ಮುದ್ದೆಯ ಜೊತೆ ನಾಟಿ ಕೋಳಿ ಸಾರು, ಮಲೆನಾಡಿನಲ್ಲಿ ಕಡುಬಿನ ಜೊತೆ, ಕರಾವಳಿಯಲ್ಲಿ ಕೋರಿ ರೊಟ್ಟಿ. ಯುಗಾದಿಯ ಮರುದಿನದ ಹೊಸತೊಡಕಿಗೆ ಹಳೆಯ ಮೈಸೂರು ಸೀಮೆಯಲ್ಲಿ ಬೇಡಿಕೆ ಏರುತ್ತದೆ. ಆ ಹೊತ್ತಿಗೆ ಮಾರಬೇಕೆನ್ನುವವರು ಗಿರಿರಾಜ, ಸ್ವರ್ಣಧಾರ ಮರಿಗಳನ್ನು ಡಿಸೆಂಬರ್ ಹೊತ್ತಿಗೆ ತರುತ್ತಾರೆ. ನಾಟಿಗಾದರೆ ದಸರೆಯ ಆಸುಪಾಸಿನಲ್ಲೇ ಕಾವಿಗಿಡಬೇಕು. ಗ್ರಾಮದೇವತೆಗಳ ಹರಕೆಗೂ ಕೋಳಿ ಬಳಕೆಯಲ್ಲಿದೆ; ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವುದನ್ನು ರಾಜ್ಯದ 1959ರ ಪ್ರಾಣಿಬಲಿ ತಡೆ ಕಾಯ್ದೆ ನಿಷೇಧಿಸಿದೆ. ತುಳುನಾಡಿನಲ್ಲಿ ಕೋಳಿ ಅಂಕ ಎಂಬ ಕಾಳಗಕ್ಕಾಗಿ ಹುಂಜ ಸಾಕುವ ಪದ್ಧತಿಯಿದೆ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಸದ್ಯದ ಸ್ಥಿತಿ

2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಿದ್ದವು. ಅವುಗಳಲ್ಲಿ ಸುಮಾರು 31.7 ಕೋಟಿ ಹಿತ್ತಿಲಿನವು. ಹಿಂದಿನ ಗಣತಿಗಿಂತ ಹಿತ್ತಿಲಿನ ಸಂಖ್ಯೆ ಸುಮಾರು ಶೇ. 46ರಷ್ಟು ಹೆಚ್ಚಿತ್ತು. ಕರ್ನಾಟಕದ ಒಟ್ಟು ಪಾಲು ಸುಮಾರು 6 ಕೋಟಿ.

ಬೇಡಿಕೆ ಏರಿದಷ್ಟು ಒಳ್ಳೆಯ ಮರಿಯ ಪೂರೈಕೆ ಏರಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ ಈ ಕೊರತೆಯನ್ನೇ ಗಮನಿಸಿ, ಕನಿಷ್ಠ 1000 ಪೋಷಕ ಕೋಳಿಗಳ ಫಾರಂ, ಹ್ಯಾಚರಿ, ಮದರ್ ಯೂನಿಟ್ ಮೂರನ್ನೂ ಸೇರಿಸಿ ಕಟ್ಟುವವರಿಗೆ ಬಂಡವಾಳದ ಶೇ. 50ರಷ್ಟು, ಗರಿಷ್ಠ 25 ಲಕ್ಷ ರೂಪಾಯಿ ಸಹಾಯಧನ ನಿಗದಿ ಮಾಡಿದೆ. ಜಿಲ್ಲೆಗೊಂದಾದರೂ ಇಂಥ ಘಟಕ ನೆಲೆಗೊಂಡರೆ ಮರಿಗಾಗಿ ಬೆಂಗಳೂರಿಗೆ ಅಲೆಯುವುದು ತಪ್ಪುತ್ತದೆ.

ಈ ಪೂರೈಕೆಗೆ ದೊಡ್ಡ ಅಪಾಯ ಹಕ್ಕಿಜ್ವರ. 2012ರ ಅಕ್ಟೋಬರಿನಲ್ಲಿ ಎಚ್‌5ಎನ್‌1 ವೈರಸ್ ಹೆಸರಘಟ್ಟದ ಕೇಂದ್ರೀಯ ಸಂಸ್ಥೆಯಲ್ಲೇ ಕಾಣಿಸಿಕೊಂಡು ಅಲ್ಲಿನ ಹಕ್ಕಿಗಳನ್ನು ಕೊಲ್ಲಬೇಕಾಯಿತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹಕ್ಕಿಜ್ವರ ಕಾಣಿಸಿತು. ರೋಗ ದೃಢಪಟ್ಟ ಜಾಗದ ಸುತ್ತ ಕೋಳಿ, ಮರಿ, ಮೊಟ್ಟೆಗಳ ಸಾಗಣೆ ನಿಲ್ಲುತ್ತದೆ. ಮೂಲವಂಶಗಳು ಒಂದೇ ಆವರಣದಲ್ಲಿದ್ದರೆ ಒಂದು ಸೋಂಕಿಗೆ ವರ್ಷಗಳ ತಳಿಕೆಲಸ ಹೋಗಿಬಿಡಬಹುದು. ಹಾಗಾಗಿ ಮೂಲವಂಶಗಳನ್ನು ಒಂದಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ಹಂಚಿ ಸಾಕುವುದು ಅಗತ್ಯ.